ಟೆಕ್ ಪಾರ್ಕಿನ ಗೇಟು ಮತ್ತು ಸಂಸತ್ತು ಕೇಳಿದ ಲೆಕ್ಕ

ಈ ವಾರದ ವಿಷಯ ಮೊದಲಿಗೆ ಸ್ವಲ್ಪ ಒಣ ಅನ್ನಿಸಬಹುದು. ಕೇಂದ್ರದ ವಾಣಿಜ್ಯ ಇಲಾಖೆಯ ಖರ್ಚು, ಸಿಬ್ಬಂದಿ, ನೀತಿ ಇವನ್ನೆಲ್ಲ ಸಂಸತ್ತು ಹೇಗೆ ವಿಚಾರಿಸಿತು ಅನ್ನೋ ಕಥೆ. ಆದರೆ ಪುಣೆಯ ಹಿಂಜವಡಿ, ನವಿ ಮುಂಬೈನ ಐರೋಲಿ, ಚೆನ್ನೈನ ಸಿರುಸೇರಿ, ಹೈದರಾಬಾದಿನ ಮಾಧಾಪುರ, ಆ ಕಡೆ ನೋಯ್ಡಾ, ಇಲ್ಲೆಲ್ಲ ಕೆಲಸ ಮಾಡುವ ನಿಮ್ಮಲ್ಲಿ ಎಷ್ಟೋ ಜನ ಈ ಕಥೆಯ ಒಳಗೇ ಕೂತು ವರ್ಷಗಟ್ಟಲೆ ಕೋಡ್ ಬರೆದಿದ್ದೀರಿ. ನಾನೂ ಬರೆದಿದ್ದೇನೆ.

2020ರ ಮಾರ್ಚ್ ಮೂರನೇ ವಾರ. ಪುಣೆಯ ನಮ್ಮ ಆಫೀಸಿನಲ್ಲಿ ಎಲ್ಲರೂ ಮನೆಗೆ ಹೊರಡಿ ಅಂದರು. ಲ್ಯಾಪ್‌ಟಾಪ್ ಇದ್ದವರು ಹೊರಟೇಬಿಟ್ಟರು. ನನ್ನದು ಡೆಸ್ಕ್‌ಟಾಪ್. ಸಿಪಿಯು ಎತ್ತಿಕೊಂಡು, ಮಾನಿಟರ್ ಕಂಕುಳಲ್ಲಿ ಇಟ್ಟುಕೊಂಡು ಗೇಟಿಗೆ ಬಂದರೆ ಸೆಕ್ಯುರಿಟಿ ಕಾಕಾ ಬಿಡಲಿಲ್ಲ. ಮ್ಯಾನೇಜರ್ ಮೇಲ್ ತೋರಿಸಿದೆ. 'ಕಂಪನಿ ಪರ್ಮಿಷನ್ ಸಾಲಲ್ಲ, ಎಸ್‌ಇಜೆಡ್ ಪರ್ಮಿಷನ್ ಬೇಕು' ಅಂದರು. ಆ ಡಬ್ಬ ಸುಂಕ ಕಟ್ಟದೆ ತಂದದ್ದು. ಕಾನೂನಿನ ಪ್ರಕಾರ ವಿಶೇಷ ಆರ್ಥಿಕ ವಲಯ ಅನ್ನೋದು ಸುಂಕದ ಮಟ್ಟಿಗೆ ಭಾರತದ ಹೊರಗಿನ ಜಾಗ. ಅಂದ್ರೆ ನಾನು ಆ ಡಬ್ಬವನ್ನು ಒಂದು ರೀತಿ ವಿದೇಶದಿಂದ ವಾಕಡ್‌ನ ನನ್ನ ಫ್ಲ್ಯಾಟಿಗೆ ಒಯ್ಯುತ್ತಿದ್ದೆ!

ಕಾಗದ ಬರೋವರೆಗೂ ಸುಮಾರು ಎರಡು ಗಂಟೆ ಗೇಟಿನ ಕಟ್ಟೆ ಮೇಲೆ ಕೂತಿದ್ದೆ. ಕಾಕಾ ಪಾಪ ಒಳ್ಳೆಯವರು, ಚಹಾ ತರಿಸಿದರು. ಮಾತಿಗೆ ಮಾತು ಬೆಳೆದು ಎದುರಿನ ಪಾರ್ಕಿಂಗ್ ಕಡೆ ಕೈ ತೋರಿಸಿ, 'ಸಾಹೇಬ, ಇಥೇ ಆಮ್ಚಾ ಊಸ್ ಹೋತಾ' ಅಂದರು. ಇಲ್ಲಿ ನಮ್ಮ ಕಬ್ಬಿತ್ತು. ಅವರ ಚಿಕ್ಕಪ್ಪನ ಹೊಲ. ಎಂಐಡಿಸಿಯವರು ತಗೊಂಡರು, ಆಮೇಲೆ ಅದರ ಮೇಲೆ ಕಟ್ಟಡ ಬಂತು, ಕಟ್ಟಡಕ್ಕೆ ಎಸ್‌ಇಜೆಡ್ ಬೋರ್ಡು ಬಂತು. ಈಗ ಅದೇ ಜಾಗದಲ್ಲಿ ಅವರು ಹನ್ನೆರಡು ತಾಸಿನ ಡ್ಯೂಟಿ ಮಾಡುತ್ತಾರೆ.

ಈ ಗೆರೆ ಎಳೆದವರು ಯಾರು, ಎಳೆಯುವಾಗ ದಿಲ್ಲಿಯಲ್ಲಿ ಯಾರಾದರೂ 'ಇದರ ಖರ್ಚೆಷ್ಟು ಸ್ವಾಮಿ' ಅಂತ ಕೇಳಿದರಾ ಅನ್ನೋ ಪ್ರಶ್ನೆ ನನಗೆ ಹುಟ್ಟಿದ್ದು ಆ ಕಟ್ಟೆ ಮೇಲೆ. ಲಾಕ್‌ಡೌನಿನಲ್ಲಿ ಓದುತ್ತಾ ಹೋದೆ. ಕೇಳಿದ್ದರು. ಒಂದಲ್ಲ, ಎರಡು ಸಲ ಗಟ್ಟಿಯಾಗಿಯೇ ಕೇಳಿದ್ದರು.

ಹಳೆಯದನ್ನು ಬೇಗ ಹೇಳಿಬಿಡ್ತೀನಿ. ರಫ್ತಿಗಾಗಿ ಬೇಲಿ ಹಾಕಿದ ಜಾಗ ನಮ್ಮಲ್ಲಿ ಹೊಸದೇನಲ್ಲ. ಗುಜರಾತಿನ ಕಾಂಡ್ಲಾದಲ್ಲಿ 1965ರಲ್ಲೇ ಶುರುವಾಯ್ತು, ಏಷ್ಯಾದಲ್ಲೇ ಮೊದಲನೆಯದು. ಅಂಧೇರಿಯ ಸೀಪ್ಝ್ 1973ರದ್ದು. ಮುಂಬೈ ಕನ್ನಡಿಗರಿಗೆ ಆ ಬಸ್ ಬೋರ್ಡು ಚೆನ್ನಾಗಿ ಗೊತ್ತು. 1998-99ರಲ್ಲಿ ವಾಣಿಜ್ಯ ಸಚಿವರಾಗಿದ್ದವರು ನಮ್ಮ ರಾಮಕೃಷ್ಣ ಹೆಗಡೆ. ಅವರ ನಂತರ ಆ ಖಾತೆಗೆ ಬಂದ ಮುರಸೋಳಿ ಮಾರನ್ ಚೀನಾದ ವಲಯಗಳನ್ನು ನೋಡಿಕೊಂಡು ಬಂದು 2000ದಲ್ಲಿ ಎಸ್‌ಇಜೆಡ್ ನೀತಿ ತಂದರು. ಅದು ಬರೀ ನೀತಿ, ಕಾಯ್ದೆಯಲ್ಲ. ಕಾಯ್ದೆ ಆದದ್ದು ಕಮಲ್ ನಾಥ್ ಕಾಲದಲ್ಲಿ. 2005ರ ಮೇ ತಿಂಗಳಲ್ಲಿ ಸಂಸತ್ತು ಒಪ್ಪಿತು, ಜೂನ್ 23ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು, 2006ರ ಫೆಬ್ರವರಿ 10ರಿಂದ ಜಾರಿಗೆ ಬಂತು. ಮಾಹಿತಿ ಹಕ್ಕು ಮಸೂದೆ ಅಂಗೀಕಾರವಾದದ್ದೂ ಅದೇ 2005ರ ಮೇ ತಿಂಗಳಲ್ಲಿ. ಒಂದರ ಬಗ್ಗೆ ಊರೆಲ್ಲ ಮಾತಾಡಿತು, ಇನ್ನೊಂದು ಸದ್ದಿಲ್ಲದೆ ದಾಟಿತು.

ಈಗ ಅಸಲು ವಿಷಯ. ಒಂದು ಇಲಾಖೆಯ ದುಡ್ಡನ್ನು ಸಂಸತ್ತು ಹೇಗೆ ನೋಡುತ್ತದೆ? ಪ್ರತಿ ವರ್ಷ ಬಜೆಟ್ ಜೊತೆ ಆ ಇಲಾಖೆಯ ಅನುದಾನ ಬೇಡಿಕೆ ಬರುತ್ತದೆ. ಇಷ್ಟು ಕೋಟಿ ಖರ್ಚು ಮಾಡ್ತೀವಿ, ಒಪ್ಪಿಗೆ ಕೊಡಿ ಅಂತ. ಲೋಕಸಭೆ ಅದನ್ನು ಚರ್ಚಿಸಿ ಮತಕ್ಕೆ ಹಾಕಬೇಕು. ಆದರೆ ಚರ್ಚೆಗೆ ಸಿಗೋದು ನಾಲ್ಕೈದು ದೊಡ್ಡ ಇಲಾಖೆಗಳಷ್ಟೇ. ಉಳಿದದ್ದೆಲ್ಲ ಕೊನೇ ದಿನ ಸಂಜೆ ಒಟ್ಟಿಗೆ, ಒಂದೇ ಏಟಿಗೆ ಪಾಸ್. ಇದಕ್ಕೆ ಗಿಲೊಟಿನ್ ಅಂತಲೇ ಹೆಸರು, ಫ್ರಾನ್ಸಿನ ತಲೆ ಕಡಿಯೋ ಯಂತ್ರದ್ದೇ. 2018ರ ಮಾರ್ಚ್ 14ರಂದು ಗದ್ದಲದ ನಡುವೆ ಎಲ್ಲ ಇಲಾಖೆಗಳ ಬೇಡಿಕೆಗಳೂ ಹಣಕಾಸು ಮಸೂದೆಯೂ ಸುಮಾರು ಅರ್ಧ ಗಂಟೆಯಲ್ಲಿ ಮುಗಿದವು. ನಮ್ಮ ಸ್ಪ್ರಿಂಟ್ ಪ್ಲಾನಿಂಗೇ ಅದಕ್ಕಿಂತ ಜಾಸ್ತಿ ಹೊತ್ತು ಎಳೆಯುತ್ತೆ.

ಇದು ಸಾಲದು ಅಂತಲೇ 1993ರಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳನ್ನು ಮಾಡಿದರು. ವಾಣಿಜ್ಯ ಇಲಾಖೆಯನ್ನು ನೋಡುವ ಸಮಿತಿ ರಾಜ್ಯಸಭೆಯ ಉಸ್ತುವಾರಿಯಲ್ಲಿದೆ. ಈಗಿನ ಲೆಕ್ಕದಲ್ಲಿ ಲೋಕಸಭೆಯಿಂದ 21, ರಾಜ್ಯಸಭೆಯಿಂದ 10, ಒಟ್ಟು 31 ಸದಸ್ಯರು. ಬಾಗಿಲು ಹಾಕಿಕೊಂಡು ಕೂರುತ್ತಾರೆ, ಟಿವಿ ಇಲ್ಲ, ಆದ್ದರಿಂದ ಕೂಗಾಟ ಕಮ್ಮಿ. ಇಲಾಖೆಯ ಕಾರ್ಯದರ್ಶಿ ಎದುರಿಗೆ ಕೂತು ಉತ್ತರ ಕೊಡಬೇಕು. ಹೋದ ವರ್ಷ ಕೊಟ್ಟ ದುಡ್ಡು ಯಾಕೆ ಉಳಿಯಿತು, ಯಾವ ಮಂಡಳಿಯಲ್ಲಿ ಎಷ್ಟು ಹುದ್ದೆ ಖಾಲಿ, ಆ ಯೋಜನೆ ಏನಾಯ್ತು, ಈ ತರಹದ ಪ್ರಶ್ನೆಗಳು. ಬೆಂಗಳೂರಿನಲ್ಲಿರುವ ಕಾಫಿ ಮಂಡಳಿ ಕೂಡ ಇದೇ ಇಲಾಖೆಯ ಕೆಳಗೆ ಬರುತ್ತೆ. ಕೊಡಗು, ಚಿಕ್ಕಮಗಳೂರು ಕಡೆಯವರಿಗೆ ಕಾಫಿ ಮಂಡಳಿ ಅಂದ್ರೆ ಏನು ಅಂತ ನಾನು ಹೇಳಬೇಕಿಲ್ಲ. ಅದು ಇನ್ನೊಂದು ಸಂಚಿಕೆಯ ಸರಕು.

ಸಮಿತಿ ವರದಿ ಕೊಡುತ್ತೆ, ಸರ್ಕಾರ ಉತ್ತರ ಕೊಡುತ್ತೆ, ಆ ಉತ್ತರಗಳನ್ನು ನೋಡಿ ಸಮಿತಿ ಮತ್ತೊಂದು ವರದಿ ಬರೆಯುತ್ತೆ. ಅದರಲ್ಲಿ ಶಿಫಾರಸುಗಳನ್ನು ಬೇರೆ ಬೇರೆ ಗುಂಪು ಮಾಡುತ್ತಾರೆ. ಸರ್ಕಾರ ಒಪ್ಪಿಕೊಂಡವು, ಉತ್ತರ ಕೇಳಿದ ಮೇಲೆ ಸಮಿತಿಯೇ ಕೈಬಿಟ್ಟವು, ಉತ್ತರವನ್ನು ಸಮಿತಿ ಒಪ್ಪದೇ ಇದ್ದವು, ಇನ್ನೂ ಉತ್ತರವೇ ಬಾರದವು. ನನಗಂತೂ ಇದನ್ನು ನೋಡಿದಾಗೆಲ್ಲ ನಮ್ಮ ಜಿರಾ ಬೋರ್ಡೇ ನೆನಪಾಗೋದು. ವ್ಯತ್ಯಾಸ ಏನಂದ್ರೆ, ಇಲ್ಲಿ ಟಿಕೆಟ್ ಮತ್ತೆ ತೆರೆದರೂ ಸರ್ಕಾರ ಅದನ್ನು ಮಾಡಲೇಬೇಕು ಅಂತ ಇಲ್ಲ. ಶಿಫಾರಸು ಅಂದ್ರೆ ಶಿಫಾರಸು, ಅಷ್ಟೇ.

ಇಷ್ಟೆಲ್ಲ ವ್ಯವಸ್ಥೆ ಇದೆಯಲ್ಲ, ಇದಕ್ಕೆ ಒಂದು ದೊಡ್ಡ ಕುರುಡು ಜಾಗ ಇದೆ. ಅನುದಾನ ಬೇಡಿಕೆಯಲ್ಲಿ ಕಾಣೋದು ಸರ್ಕಾರದ ಕೈಯಿಂದ ಹೊರಗೆ ಹೋಗುವ ದುಡ್ಡು. ಬರಬೇಕಾದದ್ದನ್ನು ಬೇಡ ಅಂತ ಬಿಟ್ಟರೆ ಅದು ಯಾವ ಬೇಡಿಕೆಯಲ್ಲೂ ಕಾಣಲ್ಲ. ಬಾಡಿಗೆ ಮನೆ ಇರೋ ನಮ್ಮ ಅಪ್ಪನಿಗೆ ಇದು ಚೆನ್ನಾಗಿ ಗೊತ್ತು. ತಮ್ಮನಿಗೆ ತಿಂಗಳಿಗೆ ಹತ್ತು ಸಾವಿರ ಕೊಟ್ಟರೆ ಅಮ್ಮ ಕೇಳ್ತಾಳೆ. ತಮ್ಮನಿಗೆ ಮನೆ ಕೊಟ್ಟು ಬಾಡಿಗೆ ತಗೊಳ್ಳದೇ ಇದ್ದರೆ ಯಾರೂ ಕೇಳಲ್ಲ. ದುಡ್ಡು ಅದೇ ಹತ್ತು ಸಾವಿರ.

ಎಸ್‌ಇಜೆಡ್ ನಡೆದದ್ದು ಈ ಎರಡನೇ ರೀತಿಯಲ್ಲಿ. ಕಸ್ಟಮ್ಸ್ ಸುಂಕ ಇಲ್ಲ, ಅಬಕಾರಿ ಸುಂಕ ಇಲ್ಲ, ಸೇವಾ ತೆರಿಗೆ ಇಲ್ಲ. ರಫ್ತಿನ ಲಾಭದ ಮೇಲೆ ಮೊದಲ ಐದು ವರ್ಷ ಆದಾಯ ತೆರಿಗೆ ಪೂರ್ತಿ ಮಾಫಿ, ಆಮೇಲಿನ ಐದು ವರ್ಷ ಅರ್ಧ, ಲಾಭವನ್ನು ಮತ್ತೆ ಹೂಡಿದರೆ ಇನ್ನೂ ಐದು ವರ್ಷ ಅರ್ಧ. ಇದು ಆದಾಯ ತೆರಿಗೆ ಕಾಯ್ದೆಯ 10ಎಎ ಸೆಕ್ಷನ್. ತಮಾಷೆ ಏನು ಗೊತ್ತಾ? ಆ ಸೆಕ್ಷನ್ ಒಳಗೆ ಬಂದದ್ದು ಹಣಕಾಸು ಮಸೂದೆಯ ಮೂಲಕ ಅಲ್ಲ, ವಾಣಿಜ್ಯ ಇಲಾಖೆಯ ಎಸ್‌ಇಜೆಡ್ ಕಾಯ್ದೆಯ ಹಿಂಬದಿಗೆ ಅಂಟಿಸಿದ ಅನುಸೂಚಿಯ ಮೂಲಕ. ತೆರಿಗೆ ಬಿಡೋ ನಿರ್ಧಾರವೇ ತೆರಿಗೆ ಇಲಾಖೆಯ ಬಾಗಿಲಿನಿಂದ ಬರಲಿಲ್ಲ. ಹಣಕಾಸು ಸಚಿವಾಲಯ ಆಗಲೇ ಗೊಣಗಿತ್ತು. ರಿಸರ್ವ್ ಬ್ಯಾಂಕ್ ಕೂಡ 2006ರ ಸೆಪ್ಟೆಂಬರಿನಲ್ಲಿ, ಎಸ್‌ಇಜೆಡ್ ಡೆವಲಪರ್‌ಗಳಿಗೆ ಕೊಡುವ ಸಾಲವನ್ನು ರಿಯಲ್ ಎಸ್ಟೇಟ್ ಸಾಲ ಅಂತಲೇ ಲೆಕ್ಕ ಹಾಕಿ ಅಂತ ಬ್ಯಾಂಕುಗಳಿಗೆ ಹೇಳಿತು. ಬ್ಯಾಂಕಿನವರ ಭಾಷೆಯಲ್ಲಿ ಇದು ಸಾಕಷ್ಟು ಖಾರವಾದ ಮಾತು.

ಅನುಮತಿ ಕೊಡುವ ಮಂಡಳಿ ಇರುವುದು ವಾಣಿಜ್ಯ ಇಲಾಖೆಯಲ್ಲೇ. ವಲಯಗಳು ಬೆಳೆಯಬೇಕು ಅಂತ ಪ್ರಚಾರ ಮಾಡೋದೂ ಅದೇ ಇಲಾಖೆ. ಕ್ರಿಕೆಟ್ಟಿನಲ್ಲಿ ಬ್ಯಾಟ್ಸ್‌ಮನ್ನೇ ಅಂಪೈರ್ ಆದ ಹಾಗೆ. ಬೇರೆ ಕೈಗಾರಿಕೆಯ ವಲಯಕ್ಕೆ 100 ಹೆಕ್ಟೇರ್, ಎಲ್ಲ ಸರಕಿನದ್ದಕ್ಕೆ 1,000 ಹೆಕ್ಟೇರ್ ಬೇಕಿದ್ದಾಗ ಐಟಿ ವಲಯಕ್ಕೆ ಬರೀ 10 ಹೆಕ್ಟೇರ್ ಸಾಕಿತ್ತು. ಹಾಗಾಗಿ ಅರ್ಜಿಗಳು ಎಲ್ಲಿಂದ ಬಂದವು ಅಂತ ಊಹಿಸಿ. ಎಸ್‌ಟಿಪಿಐ ಯೋಜನೆಯ ತೆರಿಗೆ ರಜೆ ಮುಗಿಯುವ ದಿನ ಬೇರೆ ಹತ್ತಿರ ಬರುತ್ತಿತ್ತು, ಕೊನೆಗೆ ಅದು ಮುಗಿದದ್ದು 2011ರ ಮಾರ್ಚಿಗೆ.

2007ಕ್ಕೆ ಬರೋಣ. ಆ ವರ್ಷದ ಮಾರ್ಚ್ 14ರಂದು ಪಶ್ಚಿಮ ಬಂಗಾಳದ ನಂದಿಗ್ರಾಮದಲ್ಲಿ ರಾಸಾಯನಿಕ ಉದ್ಯಮದ ವಲಯಕ್ಕೆ ಭೂಮಿ ಕೊಡಲ್ಲ ಅಂತ ನಿಂತ ಹಳ್ಳಿಯವರ ಮೇಲೆ ಪೊಲೀಸರು ಗುಂಡು ಹಾರಿಸಿದರು. 14 ಜನ ಸತ್ತರು. ನಮ್ಮ ಮಂಗಳೂರಿನ ಸುತ್ತಲೂ, ಕಳವಾರು, ಪೆರ್ಮುದೆ ಕಡೆ, ಎಸ್‌ಇಜೆಡ್ ಭೂಮಿಗಾಗಿ ಜಗಳ ನಡೆಯುತ್ತಿದ್ದ ಕಾಲ ಅದು. ಜನವರಿಯಲ್ಲಿ ಸರ್ಕಾರ ತಾನೇ ಹೊಸ ಅನುಮತಿಗಳನ್ನು ತಡೆಹಿಡಿದಿತ್ತು. ಏಪ್ರಿಲ್‌ನಲ್ಲಿ ಪ್ರಣಬ್ ಮುಖರ್ಜಿ ಅಧ್ಯಕ್ಷತೆಯ ಸಚಿವರ ಗುಂಪು ಅದನ್ನು ತೆಗೆಯಿತು. ಒಂದು ವಲಯಕ್ಕೆ 5,000 ಹೆಕ್ಟೇರಿನ ಮಿತಿ, ರಾಜ್ಯ ಸರ್ಕಾರಗಳು ಇದಕ್ಕಾಗಿ ಬಲವಂತದ ಸ್ವಾಧೀನ ಮಾಡುವಂತಿಲ್ಲ, ಇಂಥ ಷರತ್ತು ಹಾಕಿ ಬಾಗಿಲು ಮತ್ತೆ ತೆರೆದರು.

ಎರಡೇ ತಿಂಗಳಿಗೆ, ಜೂನ್‌ನಲ್ಲಿ, ವಾಣಿಜ್ಯ ಸ್ಥಾಯಿ ಸಮಿತಿ ತನ್ನ 83ನೇ ವರದಿ ಕೊಟ್ಟಿತು. ಅಧ್ಯಕ್ಷರು ಮುರಳಿ ಮನೋಹರ ಜೋಶಿ. ವಿರೋಧ ಪಕ್ಷದವರು ಬರೆಸಿದ್ದು ಅಂತ ತಳ್ಳಿಹಾಕೋ ಹಾಗಿಲ್ಲ, ಎಲ್ಲ ಪಕ್ಷದವರೂ ಕೂತ ಸಮಿತಿ ಅದು. ಕಾಯ್ದೆ, ನಿಯಮ ತಿದ್ದುವವರೆಗೆ ಹೊಸ ವಲಯಗಳನ್ನು ನಿಲ್ಲಿಸಿ ಅಂದಿತು. ಕೃಷಿ ಭೂಮಿಯ ಬಗ್ಗೆ, ಬಿಟ್ಟುಕೊಡುತ್ತಿರುವ ತೆರಿಗೆಯ ಬಗ್ಗೆ, ಹಳೆಯ ಘಟಕಗಳೇ ಬೋರ್ಡು ಬದಲಿಸಿ ಒಳಗೆ ಬರುವುದರ ಬಗ್ಗೆ ಎಚ್ಚರಿಸಿತು. ಇದನ್ನು ಓದುವಾಗ ನನಗೆ ಆಶ್ಚರ್ಯ ಆಗಿದ್ದು ಇವರಿಗೆ ಎಷ್ಟು ಬೇಗ ಗೊತ್ತಾಗಿತ್ತು ಅನ್ನೋದು. ಕಾಯ್ದೆ ಜಾರಿಯಾಗಿ ಇನ್ನೂ ಒಂದೂವರೆ ವರ್ಷವೂ ಆಗಿರಲಿಲ್ಲ.

ನಿಲ್ಲಲಿಲ್ಲ, ಅನುಮತಿಗಳು ಮುಂದುವರಿದವು. ಸರ್ಕಾರ ಕೊನೆಗೆ ಬ್ರೇಕ್ ಹಾಕಿದ್ದು 2011ರಲ್ಲಿ, ಅದೂ ಬಜೆಟ್ಟಿನಲ್ಲಿ. ಎಸ್‌ಇಜೆಡ್‌ಗಳಿಗಿದ್ದ ಮ್ಯಾಟ್ ವಿನಾಯಿತಿಯನ್ನು, ಅಂದ್ರೆ ಕನಿಷ್ಠ ತೆರಿಗೆಯಾದರೂ ಕಟ್ಟಬೇಕು ಅನ್ನೋ ನಿಯಮದಿಂದ ಇದ್ದ ರಿಯಾಯಿತಿಯನ್ನು, ತೆಗೆದರು. ಆಗ ಹಣಕಾಸು ಸಚಿವರು ಅದೇ ಪ್ರಣಬ್ ಮುಖರ್ಜಿ.

ಎರಡನೇ ಸಲ ಲೆಕ್ಕ ಕೇಳಿದ್ದು ಸಿಎಜಿ. 2014ರ 21ನೇ ವರದಿ, ಆ ವರ್ಷದ ನವೆಂಬರ್ ಕೊನೆಯಲ್ಲಿ ಸಂಸತ್ತಿನಲ್ಲಿ ಮಂಡನೆಯಾಯ್ತು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಇಲ್ಲಿ ನಾವು ಬರ್ತೀವಿ.

2006-07ರಿಂದ 2012-13ರವರೆಗಿನ ಏಳು ವರ್ಷಗಳಲ್ಲಿ ಬಿಟ್ಟುಕೊಟ್ಟ ತೆರಿಗೆ ₹83,104 ಕೋಟಿ. ಅದರಲ್ಲಿ ಆದಾಯ ತೆರಿಗೆ ₹55,158 ಕೋಟಿ, ಉಳಿದದ್ದು ಕಸ್ಟಮ್ಸ್. ಅಂದ್ರೆ ಅಬಕಾರಿ, ಸೇವಾ ತೆರಿಗೆ, ರಾಜ್ಯಗಳ ಸ್ಟಾಂಪ್ ಡ್ಯೂಟಿ ಈ ಮೊತ್ತದಲ್ಲಿ ಸೇರಿಯೇ ಇಲ್ಲ. ವರ್ಷಕ್ಕೆ ಸರಾಸರಿ ಹಾಕಿದರೆ ಸುಮಾರು ₹12,000 ಕೋಟಿ. ವಾಣಿಜ್ಯ ಇಲಾಖೆ ತನ್ನ ಬೇಡಿಕೆಯಲ್ಲಿ ಕೇಳುತ್ತಿದ್ದದ್ದು ಕೆಲವೇ ಸಾವಿರ ಕೋಟಿ. ಗಿಲೊಟಿನ್‌ಗೆ ಸಿಕ್ಕಿ ಚರ್ಚೆಯಾಗದೆ ಪಾಸಾಗುವ ಆ ಬೇಡಿಕೆಯನ್ನು ಸಾಲು ಸಾಲಾಗಿ ಚರ್ಚಿಸಿದ್ದರೂ ಈ ದುಡ್ಡು ಕಾಣುತ್ತಿರಲಿಲ್ಲ.

ಉದ್ಯೋಗ? ಲೆಕ್ಕ ಪರಿಶೋಧಕರು ನೋಡಿದ ವಲಯಗಳಲ್ಲಿ ಡೆವಲಪರ್‌ಗಳು ಕೊಡ್ತೀವಿ ಅಂದಿದ್ದ ಕೆಲಸ 39,17,677. ಆದದ್ದು 2,84,785. ನೂರಕ್ಕೆ ಏಳು. ಭೂಮಿ? ಅಧಿಸೂಚನೆ ಆದ 45,635 ಹೆಕ್ಟೇರಿನಲ್ಲಿ ಕೆಲಸ ಶುರುವಾದದ್ದು 28,488 ಹೆಕ್ಟೇರಿನಲ್ಲಿ. ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ 5,402 ಹೆಕ್ಟೇರನ್ನು ವಲಯದಿಂದ ಹೊರತೆಗೆದು ಬೇರೆ ಉಪಯೋಗಕ್ಕೆ ತಿರುಗಿಸಿದ್ದರು. ಹನ್ನೊಂದು ಡೆವಲಪರ್‌ಗಳು ಎಸ್‌ಇಜೆಡ್ ಭೂಮಿಯನ್ನೇ ಅಡವಿಟ್ಟು ₹6,309 ಕೋಟಿ ಸಾಲ ಎತ್ತಿದ್ದರು, ಅದರಲ್ಲಿ ₹2,211 ಕೋಟಿ ಬೇರೆ ಕಡೆ ಹೋಗಿತ್ತು. ಕಾಕಾನ ಕಬ್ಬಿನ ಹೊಲ ನೆನಪಾಯ್ತಾ? ಹಾಗೆ ರೈತರಿಂದ 'ಸಾರ್ವಜನಿಕ ಉದ್ದೇಶ' ಅಂತ ತಗೊಂಡ ಜಾಗವೂ ಹೀಗೆ ಬ್ಯಾಂಕಿನ ಲಾಕರಿಗೆ ಹೋಗಬಹುದಿತ್ತು.

ಮತ್ತೆ, ವಲಯಗಳಲ್ಲಿ ನೂರಕ್ಕೆ 56ಕ್ಕೂ ಹೆಚ್ಚು ಐಟಿಯವು. ಹಿಂದುಳಿದ ಜಿಲ್ಲೆಗೆ ಕಾರ್ಖಾನೆ ಬರುತ್ತೆ ಅಂತ ಹೇಳಿದ್ದ ಯೋಜನೆ ಈಗಾಗಲೇ ಟ್ರಾಫಿಕ್ ಜಾಮ್ ಆಗಿದ್ದ ಊರುಗಳಿಗೇ ಬಂತು. 2013ರಲ್ಲಿ ನಿಯಮ ಸಡಿಲ ಮಾಡಿ ಐಟಿಗೆ ಕನಿಷ್ಠ ಭೂಮಿಯ ಷರತ್ತನ್ನೇ ತೆಗೆದು, ಕಟ್ಟಿದ ಜಾಗ 1 ಲಕ್ಷ ಚದರ ಮೀಟರ್ ಇದ್ದರೆ ಸಾಕು ಅಂದಾಗ ಆ ಅಳತೆಗೆ ಹೆಸರಿಸಿದ ಏಳು ನಗರಗಳು ಯಾವುವು ಗೊತ್ತಾ? ಮುಂಬೈ, ದಿಲ್ಲಿ ಸುತ್ತಮುತ್ತ, ಚೆನ್ನೈ, ಹೈದರಾಬಾದ್, ಬೆಂಗಳೂರು, ಪುಣೆ, ಕೋಲ್ಕತ್ತ. ಈ ಚಾನೆಲ್ ನೋಡುವವರ ಊರುಗಳ ಪಟ್ಟಿಯೇ ಹೆಚ್ಚುಕಮ್ಮಿ. ನಾವು ಹುಬ್ಬಳ್ಳಿ, ದಾವಣಗೆರೆ, ಕಲಬುರಗಿ ಬಿಟ್ಟು ಇಲ್ಲಿ ಬಂದು ಬಾಡಿಗೆ ಕಟ್ಟೋದಕ್ಕೆ ಕಾರಣ ನೂರಿವೆ. ಇದೂ ಅದರಲ್ಲಿ ಒಂದು.

ಆ 'ಹೊಸ ಉದ್ಯೋಗ'ದ ಲೆಕ್ಕದ ಒಳಗಿನಿಂದ ನಾನೊಂದು ವಿಷಯ ಹೇಳಬಹುದು. ಹಳೆಯ ಘಟಕವನ್ನು ಒಡೆದು ಹೊಸದು ಅಂತ ತೋರಿಸಿದರೆ ತೆರಿಗೆ ರಜೆ ಸಿಗಲ್ಲ ಅಂತ ಕಾನೂನು. ಹಾಗಾದ್ರೆ ಹಳೆಯ ಆಫೀಸಿನ ಎಷ್ಟು ಜನರನ್ನು ಹೊಸ ಕಟ್ಟಡಕ್ಕೆ ಕಳಿಸಬಹುದು? 2014ರ ಜುಲೈನಲ್ಲಿ ನೇರ ತೆರಿಗೆ ಮಂಡಳಿ ಸುತ್ತೋಲೆ ಹೊರಡಿಸಿ ತಾಂತ್ರಿಕ ಸಿಬ್ಬಂದಿಯಲ್ಲಿ ನೂರಕ್ಕೆ 20 ಅಂದಿತು. ಅಕ್ಟೋಬರಿನಲ್ಲಿ ಇನ್ನೊಂದು ಸುತ್ತೋಲೆ ಬಂದು ಅದು 50 ಆಯ್ತು. 2015ರಲ್ಲಿ ನಮ್ಮ ಟೀಮು ಹೊಸ ಬಿಲ್ಡಿಂಗಿಗೆ ಹೋಗಬೇಕಾದಾಗ ಎಚ್‌ಆರ್ ಒಂದು ಪಟ್ಟಿ ಕಳಿಸಿದರು. ಒಂದೇ ಪ್ರಾಜೆಕ್ಟು, ಅಕ್ಕಪಕ್ಕ ಕೂರುತ್ತಿದ್ದ ಹದಿನಾರು ಜನ. ಎಂಟು ಜನ ಆ ಕಡೆ, ಎಂಟು ಜನ ಈ ಕಡೆ. ನಡುವೆ ಎರಡು ಕಿಲೋಮೀಟರ್ ಮತ್ತು ಒಂದು ಕಸ್ಟಮ್ಸ್ ಗೆರೆ. ಯಾಕೆ ಅಂತ ಕೇಳಿದರೆ 'ಕಂಪ್ಲಯನ್ಸ್' ಅಂದರು. ನಾನು ನಗರಕ್ಕೆ ಹೊಸದಾಗಿ ಬಂದ ಉದ್ಯೋಗವಾಗಿ ಯಾವುದೋ ವಾರ್ಷಿಕ ವರದಿಯಲ್ಲಿ ಎಣಿಕೆಯಾಗಿರಬಹುದು. ಕೆಲಸ, ಸಂಬಳ, ಮ್ಯಾನೇಜರ್ ಎಲ್ಲ ಹಳೆಯದೇ, ಬ್ಯಾಡ್ಜ್ ಮಾತ್ರ ಹೊಸದು.

ಆ ವಾರ್ಷಿಕ ವರದಿಯನ್ನು ಬರೆಯೋದು ಕಂಪನಿಯೇ. ಇಡೀ ವ್ಯವಸ್ಥೆ ಸ್ವಯಂ ಪ್ರಮಾಣೀಕರಣದ ಮೇಲೆ ನಿಂತಿದೆ. ಬರೆದದ್ದನ್ನು ತಾಳೆ ನೋಡುವ ಪದ್ಧತಿ ಸರಿಯಿಲ್ಲ ಅಂತ ಸಿಎಜಿ ಹೇಳಿತ್ತು. ನೋಡುವವರಾದರೂ ಯಾರು? ಇಲಾಖೆಯ ಕೈಯಲ್ಲಿರೋದು ಬೆರಳೆಣಿಕೆಯ ಅಭಿವೃದ್ಧಿ ಆಯುಕ್ತರು, ಹೆಚ್ಚಿನವರು ಹಳೆಯ ಸರ್ಕಾರಿ ವಲಯಗಳಲ್ಲಿ ಕೂತವರು. ಹಿಂಜವಡಿಯ ಗೇಟು ಅಂಧೇರಿಯ ಸೀಪ್ಝ್ ಆಯುಕ್ತರ ಕೆಳಗೆ, ಹೈದರಾಬಾದಿನದ್ದು ವಿಶಾಖಪಟ್ಟಣದ ಕೆಳಗೆ. ಬೆಂಗಳೂರಿನ ಟೆಕ್ ಪಾರ್ಕುಗಳದ್ದು? ಕೊಚ್ಚಿಯ ಕೆಳಗೆ. ಖಾಸಗಿ ವಲಯಕ್ಕೆ ನಿಯೋಜಿಸಿದ ಸರ್ಕಾರಿ ಸಿಬ್ಬಂದಿಯ ಸಂಬಳವನ್ನು ಡೆವಲಪರ್‌ಗಳಿಂದಲೇ ವಸೂಲು ಮಾಡುವ ಪದ್ಧತಿ ಬೇರೆ. ಖಜಾನೆಗೆ ಹೊರೆ ಇಲ್ಲ ಅನ್ನೋದು ಸಮರ್ಥನೆ. ಆದರೆ ಆ ಸಂಬಳ ಇಲಾಖೆಯ ಮೇಲಿನ ನಿವ್ವಳ ಹೊರೆಯಾಗಿ ಕಾಣದೇ ಹೋದಾಗ, ಗೇಟು ಕಾಯಲು ಎಷ್ಟು ಜನ ಬೇಕು ಅನ್ನೋ ಪ್ರಶ್ನೆ ಕೇಳೋಕೂ ಯಾರಿಗೂ ಆತುರ ಇರಲ್ಲ ಅಂತ ನನ್ನ ಅನಿಸಿಕೆ.

ಇಷ್ಟು ಹೇಳಿ 'ಎಸ್‌ಇಜೆಡ್ ಪೂರ್ತಿ ಮೋಸ' ಅಂದರೆ ಅದು ತಪ್ಪು. ರಫ್ತು ಬೆಳೆಯಿತು, ಕಟ್ಟಡ ಎದ್ದವು, ನನ್ನಂಥವರ ಹೋಮ್ ಲೋನ್ ಅದರಿಂದಲೇ ತೀರಿದೆ. ವಿಡಿಯೋ ಕೆಳಗೆ ಒಬ್ಬರು, 'ತೆರಿಗೆ ರಜೆ ಇಲ್ಲದಿದ್ದರೆ ಕಂಪನಿಗಳು ಫಿಲಿಪೈನ್ಸಿಗೆ ಹೋಗುತ್ತಿದ್ದವು' ಅಂತ ಬರೆದಿದ್ದಾರೆ. ಇರಬಹುದು. ಆದರೆ ಅದನ್ನು ಲೆಕ್ಕ ಹಾಕಿ ತೋರಿಸಬೇಕಾದದ್ದು ಇಲಾಖೆ, ತೋರಿಸು ಅಂತ ಕೇಳಬೇಕಾದದ್ದು ಸಂಸತ್ತು.

2019ರ ಅಕ್ಟೋಬರ್ 31ರಂದು ಅಮೆರಿಕದ ದೂರಿನ ಮೇಲೆ ವಿಶ್ವ ವ್ಯಾಪಾರ ಸಂಸ್ಥೆಯ ಸಮಿತಿ ಎಸ್‌ಇಜೆಡ್ ರಿಯಾಯಿತಿಗಳೂ ಸೇರಿ ಭಾರತದ ಹಲವು ರಫ್ತು ಯೋಜನೆಗಳನ್ನು ನಿಷಿದ್ಧ ಸಬ್ಸಿಡಿ ಅಂತ ತೀರ್ಮಾನಿಸಿತು. ಭಾರತ ಮೇಲ್ಮನವಿ ಹಾಕಿದೆ. ಹೊಸ ಘಟಕಗಳಿಗೆ ಆದಾಯ ತೆರಿಗೆ ರಜೆ 2020ರಲ್ಲೇ ಮುಗಿಯಿತು. ಆಮೇಲೆ ಕೋವಿಡ್. ಗೇಟಿನ ಆ ರಗಳೆಗೆ ಖಾಯಂ ನಿಯಮ ಬಂದದ್ದು 2022ರ ಜುಲೈನಲ್ಲಿ, 43ಎ ಅಂತ, ಮನೆಯಿಂದ ಕೆಲಸ ಮಾಡಲು ಅವಕಾಶ. ಕಟ್ಟಡಗಳು ಖಾಲಿ ಬಿದ್ದಾಗ 2023ರ ಡಿಸೆಂಬರಿನಲ್ಲಿ 11ಬಿ ಬಂತು. ಪಡೆದ ತೆರಿಗೆ ಲಾಭವನ್ನು ಬಡ್ಡಿ ಇಲ್ಲದೆ ಹಿಂದಿರುಗಿಸಿದರೆ ಐಟಿ ಎಸ್‌ಇಜೆಡ್ ಕಟ್ಟಡದಲ್ಲಿ ಮಹಡಿ ಮಹಡಿಯಾಗಿ ಬೇರೆಯವರಿಗೆ ಬಾಡಿಗೆಗೆ ಬಿಡಬಹುದು. ಎರಡೂ ಕಾಯ್ದೆಯ ತಿದ್ದುಪಡಿಗಳಲ್ಲ, ನಿಯಮಗಳ ತಿದ್ದುಪಡಿಗಳು. ಇಂಥವನ್ನು ಮೊದಲು ಇಲಾಖೆ ಹೊರಡಿಸುತ್ತೆ, ಆಮೇಲೆ ಸದನದ ಮೇಜಿನ ಮೇಲೆ ಇಡುತ್ತೆ. ಸದಸ್ಯರು ಯಾರಾದರೂ ಎತ್ತಿ ಓದಿ ಆಕ್ಷೇಪಿಸದಿದ್ದರೆ ಅಲ್ಲಿಗೆ ಮುಗಿಯಿತು.

ನಮ್ಮ ಬಿಲ್ಡಿಂಗಿನಲ್ಲಿ ಈಗ ಮೂರು ಮಹಡಿ ಎಸ್‌ಇಜೆಡ್, ಎರಡು ಅಲ್ಲ. ಲಿಫ್ಟ್ ಮಾತ್ರ ಒಂದೇ. ಕಾಕಾ ಹೋದ ವರ್ಷ ರಿಟೈರ್ ಆದರು. 83ನೇ ವರದಿ ರಾಜ್ಯಸಭೆಯ ದಾಖಲೆಗಳಲ್ಲಿ, ಸಿಎಜಿ ವರದಿ ಅವರದೇ ಜಾಲತಾಣದಲ್ಲಿ ಇದೆ, ಇಂಗ್ಲಿಷ್ ಸುಲಭವಾಗಿಯೇ ಇದೆ. ಮುಂದಿನ ವಾರ ಕಾಫಿ ಮಂಡಳಿಯ ಕಥೆ, 1942ರ ಕಾಯ್ದೆಯಿಂದ ಶುರು ಮಾಡೋಣ.